ಅಲಾಯಿ ಕುಣಿ ಮತ್ತು ಕಾಲುವೆಯ ಇಳಿಜಾರು: ಸಿದ್ಧಾಂತವನ್ನು ಓದುವ ಬಗೆ

ಕನ್ನಡ ವಿಭಾಗಗಳಲ್ಲಿ ಸಿದ್ಧವಾಗುವ ಸಂಶೋಧನ ಪ್ರಬಂಧಗಳಿಗೆ ಈಚಿನ ವರ್ಷಗಳಲ್ಲಿ ಒಂದು ಕಟ್ಟು ರೂಢಿಯಾಗಿದೆ. ಮೊದಲ ಅಧ್ಯಾಯಕ್ಕೆ ‘ಸೈದ್ಧಾಂತಿಕ ಚೌಕಟ್ಟು’ ಎಂಬ ಶೀರ್ಷಿಕೆ. ಅದರಡಿ ಮಾರ್ಕ್ಸ್, ಡರ್ಕೀಮ್, ವೇಬರ್, ಎಂ.ಎನ್. ಶ್ರೀನಿವಾಸ್, ತಲಾ ಎರಡೆರಡು ಪುಟ. ಎರಡನೆಯ ಅಧ್ಯಾಯದಿಂದಾಚೆಗೆ ಈ ಮಹನೀಯರು ಕಾಣಿಸಿಕೊಳ್ಳುವುದಿಲ್ಲ. ಮದುವೆಗೆ ಬಂದು ಆಯೇರಿ ಮಾಡಿ ಊಟಕ್ಕೂ ನಿಲ್ಲದೆ ಹೊರಟ ಬೀಗರ ಹಾಗೆ. ಇದರಿಂದ ಎರಡು ಹಾನಿಗಳಾಗಿವೆ. ಸಿದ್ಧಾಂತವೆಂದರೆ ಪದಗಳ ಪಟ್ಟಿ ಎಂಬ ಭ್ರಮೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ತಮ್ಮ ಊರಿನ ನಿತ್ಯಜೀವನ ಸಿದ್ಧಾಂತಕ್ಕೆ ಯೋಗ್ಯವಾದ ವಸ್ತುವೇ ಅಲ್ಲ ಎಂಬ ಕೀಳರಿಮೆಯೂ ಅದರೊಡನೆ ಬಂದಿದೆ.

ರಾಯಚೂರು ಸೀಮೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ನಮ್ಮ ಪಠ್ಯಗಳಲ್ಲಿದ್ದಾರೆ. ಆದರೆ ಅದೇ ಊರುಗಳಲ್ಲಿ ಇಂದು ಜನ ಹೇಗೆ ಕೂಡುತ್ತಾರೆ, ಹೇಗೆ ಚದುರುತ್ತಾರೆ, ಯಾರ ಮಾತು ನಡೆಯುತ್ತದೆ ಎಂಬುದು ನಮ್ಮ ಓದಿನ ಹೊರಗೇ ಉಳಿದಿದೆ.

ಮೊಹರಂ ಹಬ್ಬವನ್ನೇ ತೆಗೆದುಕೊಳ್ಳೋಣ. ಈ ಜಿಲ್ಲೆಯ ಅನೇಕ ಹಳ್ಳಿಗಳಲ್ಲಿ ಅದು ಊರ ಹಬ್ಬ. ಮುಸಲ್ಮಾನರ ಮನೆ ಒಂದೋ ಎರಡೋ ಇರುವ, ಕೆಲವೆಡೆ ಒಂದೂ ಇಲ್ಲದ ಊರುಗಳಲ್ಲಿಯೂ ಅಲಾಯಿ ದೇವರು ಕೂಡುತ್ತವೆ, ಕುಣಿ ತೋಡಲಾಗುತ್ತದೆ, ಹರಕೆ ಹೊತ್ತವರು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಕರ್ಬಲದ ಕಥನವನ್ನು ರಿವಾಯತ್ ಪದಗಳಾಗಿ ಕನ್ನಡದಲ್ಲಿಯೇ ಹಾಡುತ್ತಾರೆ. ರಹಮತ್ ತರೀಕೆರೆಯವರ ಬರಹಗಳಿಂದಾಗಿ ಈ ಸಂಗತಿ ನಾಡಿಗೆಲ್ಲ ತಿಳಿದಿದೆ. ಆದರೆ ನಮ್ಮ ಪ್ರಬಂಧಗಳಲ್ಲಿ ಇದರ ವ್ಯಾಖ್ಯಾನ ‘ಭಾವೈಕ್ಯದ ಸಂಕೇತ’ ಎಂಬ ಒಂದೇ ಮಾತಿಗೆ ಮುಗಿದುಬಿಡುತ್ತದೆ. ಕೊಂಚ ಓದಿದವರು ‘ಡರ್ಕೀಮ್ ಹೇಳಿದ ಸಾಮೂಹಿಕ ಉತ್ಕಟತೆ’ ಎಂದು ಸೇರಿಸುತ್ತಾರೆ. ಎರಡೂ ಅಷ್ಟಷ್ಟೇ. ಹೆಸರಿಟ್ಟ ಮಾತ್ರಕ್ಕೆ ವಿವರಿಸಿದಂತಾಗುವುದಿಲ್ಲ.

ಡರ್ಕೀಮ್ 1912ರ ತನ್ನ ಧರ್ಮವಿಚಾರದ ಗ್ರಂಥದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಗಳ ಕುರಿತು ಬರೆದ. (ಆಸ್ಟ್ರೇಲಿಯಕ್ಕೆ ಆತ ಎಂದೂ ಹೋದವನಲ್ಲ, ಸ್ಪೆನ್ಸರ್ ಮತ್ತು ಗಿಲೆನ್ ಮೊದಲಾದವರ ವರದಿಗಳನ್ನು ಓದಿ ಬರೆದವನು.) ಅಲ್ಲಿನ ಸಮಾಜದ ಬದುಕು ಎರಡು ಅವಸ್ಥೆಗಳ ನಡುವೆ ತೂಗುತ್ತದೆ ಎಂಬುದು ಅವನ ಮಾತು. ಒಂದು ಅವಸ್ಥೆಯಲ್ಲಿ ಜನ ಸಣ್ಣ ಗುಂಪುಗಳಾಗಿ ಚದುರಿ ಹೊಟ್ಟೆಪಾಡಿಗಾಗಿ ಅಲೆಯುತ್ತಾರೆ. ಇನ್ನೊಂದರಲ್ಲಿ ಒಂದೆಡೆ ನೆರೆಯುತ್ತಾರೆ. ನೆರೆದಾಗ ಹುಟ್ಟುವ ಆವೇಶದಲ್ಲಿ ಸಮಾಜ ತನ್ನನ್ನು ತಾನೇ ಕಂಡುಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿಗಳು ಉಲ್ಲೇಖಿಸುವುದು ಆವೇಶವನ್ನು, ಬಿಟ್ಟುಬಿಡುವುದು ಚದುರುವಿಕೆಯನ್ನು. ದೇವದುರ್ಗವನ್ನು ಅರಿಯಲು ಬೇಕಾದ ಕೀಲಿ ಇರುವುದು ಬಿಟ್ಟ ಭಾಗದಲ್ಲಿ.

2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿದೆ. ಅಲ್ಲಿನ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರಿನ ಕಟ್ಟಡಗಳ ಬಳಿ ತಗಡಿನ ಶೆಡ್ಡುಗಳಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಊರಲ್ಲಿ ಮುದುಕರು, ಅವರ ಮಡಿಲಲ್ಲಿ ಶಾಲೆಗೆ ಹೋಗುವ ಮಕ್ಕಳು, ಬೀಗ ಬಿದ್ದ ಬಾಗಿಲುಗಳು. ಇದೇ ಜನ ಮೊಹರಂಗೆ ಬಸ್ಸುಗಳಲ್ಲಿ ಕಿಕ್ಕಿರಿದು ಊರಿಗೆ ಮರಳುತ್ತಾರೆ. ಸಾಲದ ಲೆಕ್ಕ ತೀರುವುದು, ಹೆಣ್ಣು ಗಂಡಿನ ಮಾತುಕತೆ ನಡೆಯುವುದು, ಹೊಲದ ಲಾವಣಿ ಗೊತ್ತಾಗುವುದು ಆ ದಿನಗಳಲ್ಲಿ. ಎಂದ ಮೇಲೆ ಇಲ್ಲಿ ಮೊಹರಂ ಎನ್ನುವುದು ಭಾವೈಕ್ಯದ ಪ್ರದರ್ಶನಕ್ಕಿಂತ ಹೆಚ್ಚಾಗಿ, ಚದುರಿಹೋದ ಊರು ವರ್ಷಕ್ಕೊಮ್ಮೆ ಊರಾಗಿ ಇರುವ ಬಗೆ. ಡರ್ಕೀಮನನ್ನು ಪೂರ್ತಿ ಓದಿದ್ದರೆ ಈ ಮಾತನ್ನು ನಮ್ಮ ಹುಡುಗರೇ ಹೇಳುತ್ತಿದ್ದರು.

ಹಾಗೆಂದು ಡರ್ಕೀಮನಲ್ಲಿಯೇ ನಿಲ್ಲಲಾಗದು. ಕುಣಿಯ ಸುತ್ತ ಎಲ್ಲರೂ ಹೆಜ್ಜೆ ಹಾಕಬಹುದು. ಆದರೆ ಕುಣಿ ತೋಡುವವರು ಯಾರು, ಕಟ್ಟಿಗೆ ತರುವವರು ಯಾರು, ಹಲಗೆ ಬಾರಿಸುವವರು ಯಾರು, ದೇವರು ಹಿಡಿಯುವ ಹಕ್ಕು ಯಾವ ಮನೆತನದ್ದು? ಒಗ್ಗೂಡುವಿಕೆಯ ಒಳಗೇ ಕೆಲಸಗಳ ಹಂಚಿಕೆಯಿದೆ. ಆ ಹಂಚಿಕೆಯಲ್ಲಿ ಜಾತಿಯ ಏಣಿಯಿದೆ. ಇದನ್ನು ಕೇಳದ ಕ್ಷೇತ್ರಕಾರ್ಯ ಬರಿಯ ಹಬ್ಬದ ವರ್ಣನೆ.

ಏಣಿಯ ಮಾತು ಬಂದೊಡನೆ ನಾವು ಶ್ರೀನಿವಾಸರ ‘ಪ್ರಬಲ ಜಾತಿ’ಯ ಕಡೆಗೆ ಹೊರಳುತ್ತೇವೆ. 1948ರಲ್ಲಿ ಮೈಸೂರು ಸಮೀಪದ ಊರೊಂದರಲ್ಲಿ ತಂಗಿ, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಅವರು ನಡೆಸಿದ ಅಧ್ಯಯನ ಕನ್ನಡ ನೆಲ ಸಮಾಜಶಾಸ್ತ್ರಕ್ಕೆ ಕೊಟ್ಟ ದೊಡ್ಡ ಕಾಣಿಕೆ. ಸಂಖ್ಯಾಬಲ, ಭೂಮಿ, ಅಧಿಕಾರ, ಜಾತಿಶ್ರೇಣಿಯಲ್ಲಿ ತೀರ ಕೆಳಗಲ್ಲದ ಸ್ಥಾನ: ಇವೆಲ್ಲ ಒಂದೇ ಜಾತಿಯಲ್ಲಿ ಕೂಡಿದರೆ ಅದು ಪ್ರಬಲ. ರಾಂಪುರದ ಒಕ್ಕಲಿಗರಿಗೆ ಈ ಲಕ್ಷಣ ಸರಿಹೊಂದುತ್ತದೆ. ಮಾನ್ವಿಗೆ?

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಇಳಿದ ಮೇಲೆ ಕರಾವಳಿ ಆಂಧ್ರದ ರೈತರು ಸಿಂಧನೂರು, ಮಾನ್ವಿ ಸೀಮೆಗೆ ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರಿಗೆ ಭೂಮಿಯಿದೆ, ಸಂಖ್ಯಾಬಲವಿಲ್ಲ, ಮನೆಮಾತು ಬೇರೆ, ಹಳೆಯ ಊರಿನ ಆಯಗಾರಿಕೆಯ ಸಂಬಂಧಗಳಲ್ಲಿ ಅವರಿಗೆ ಸ್ಥಾನವೇ ಇರಲಿಲ್ಲ. ಆದರೂ ಭತ್ತದ ಬೇಸಾಯ, ಅಕ್ಕಿ ಗಿರಣಿ, ಸಾಲದ ವ್ಯವಹಾರಗಳು ಊರಿನ ಬಲಾಬಲವನ್ನು ಬದಲಿಸಿದವು. ಶ್ರೀನಿವಾಸರು ಒಂದೆಡೆ ಕೂಡಿಸಿದ ಲಕ್ಷಣಗಳು ಇಲ್ಲಿ ಬೇರೆ ಬೇರೆ ಕೈಗಳಲ್ಲಿವೆ.

ಇದಕ್ಕಿಂತ ಕುತೂಹಲದ ಇನ್ನೊಂದು ಸಂಗತಿಯುಂಟು. ಎಡದಂಡೆ ಕಾಲುವೆ 227 ಕಿ.ಮೀ. ಉದ್ದದ್ದು, ಮಾನ್ವಿ, ರಾಯಚೂರು ಅದರ ಕೊನೆಯ ಭಾಗದಲ್ಲಿವೆ. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಕೆಳಭಾಗಕ್ಕೆ ನೀರು ತಲುಪದು. ವರ್ಷವರ್ಷವೂ ಕೆಳಭಾಗದ ರೈತರು ರಸ್ತೆ ತಡೆಯುತ್ತಾರೆ. ಆ ಹೋರಾಟದಲ್ಲಿ ಒಂದೇ ಜಾತಿಯವರು ಮೇಲೂ ಇದ್ದಾರೆ, ಕೆಳಗೂ ಇದ್ದಾರೆ. ಭಾರತದ ಶ್ರೇಣಿಯನ್ನೆಲ್ಲ ಶುದ್ಧ-ಅಶುದ್ಧಗಳ ಮೇಲೆ ನಿಲ್ಲಿಸಿದ ಲೂಯಿ ದ್ಯುಮೊನ ಚೌಕಟ್ಟಿನಲ್ಲಿ ನೆಲದ ಇಳಿಜಾರು ಹುಟ್ಟಿಸಿದ ಈ ಮೇಲು ಕೀಳಿಗೆ ಹೆಸರಿಲ್ಲ. ಇಂಥ ಕಡೆ ಸಿದ್ಧಾಂತವನ್ನು ತಿದ್ದುವ ಅಧಿಕಾರ ನಮ್ಮ ವಿದ್ಯಾರ್ಥಿಗೆ ಇದೆ ಎಂದು ಯಾರಾದರೂ ಅವನಿಗೆ ಹೇಳಬೇಕಾಗಿದೆ.

ಕೊನೆಗೆ ಶಾಲೆ. ಅಕ್ಷರ ದಾಸೋಹ ಯೋಜನೆ 2002ರಲ್ಲಿ ಆರಂಭವಾದ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಮರ್ಟನ್‌ನ ಪರಿಭಾಷೆಯಲ್ಲಿ ಹೇಳುವುದಾದರೆ ಅದರ ಪ್ರಕಟ ಕಾರ್ಯ ಹಸಿವು ನೀಗಿಸಿ ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದು. ಸುಪ್ತ ಕಾರ್ಯ ಎಲ್ಲ ಕೇರಿಗಳ ಮಕ್ಕಳನ್ನು ಒಂದೇ ಸಾಲಿನಲ್ಲಿ ಉಣ್ಣಲು ಕೂಡಿಸುವುದು. ಆದರೆ ಹೆಸರಿಟ್ಟವರು ಶರಣರ ಶಬ್ದವನ್ನೇ ಆಯ್ದುಕೊಂಡಾಗ ಆ ‘ಸುಪ್ತ’ ಎಷ್ಟು ಸುಪ್ತ? ಹನ್ನೆರಡನೆಯ ಶತಮಾನದ ದಾಸೋಹದಲ್ಲಿ ಹಂಚಿ ಉಣ್ಣುವ ಸಮಾನತೆಯ ಅರ್ಥ ಪ್ರಕಟವಾಗಿಯೇ ಇತ್ತು. ಸಾಹಿತ್ಯದ ವಿದ್ಯಾರ್ಥಿ ಸಮಾಜಶಾಸ್ತ್ರಜ್ಞನಿಗೆ ಕೊಡಬಲ್ಲದ್ದು ಇಂಥ ಶಬ್ದದ ಚರಿತ್ರೆಯನ್ನು. ದಲಿತ ಹೆಣ್ಣುಮಕ್ಕಳು ಬೇಯಿಸಿದ ಅನ್ನವನ್ನು ಮಕ್ಕಳು ಉಣ್ಣದಂತೆ ಪಾಲಕರು ತಡೆದ ಸುದ್ದಿಗಳು ರಾಜ್ಯದ ಹಲವೆಡೆಗಳಿಂದ ಬಂದಿವೆ. ದಾಸೋಹವನ್ನು ಕುರಿತ ಪ್ರಬಂಧಗಳು ನಮ್ಮಲ್ಲಿ ಬೇಕಾದಷ್ಟಿವೆ; ಆ ಅಡುಗೆಯವರನ್ನು ಕೂರಿಸಿಕೊಂಡು ಮಾತನಾಡಿಸಿದ ಪ್ರಬಂಧ ಇನ್ನೂ ನನ್ನ ಮೇಜಿಗೆ ಬಂದಿಲ್ಲ.