ಪಾಪದ ಕಥೆಯೂ ಪ್ರಭುತ್ವದ ಕತ್ತರಿಯೂ

ಜಪಾನೀ ಕಥಾಸಾಹಿತ್ಯದಲ್ಲಿ ನಿಷಿದ್ಧ ಪ್ರಣಯವೂ ಮರ್ಯಾದಾತಿಕ್ರಮವೂ ವಿಶೇಷವಾಗಿ ಕಂಡುಬರುವುವೆಂದೂ, ಅವುಗಳನ್ನೋದುವ ತರುಣರು ಕೆಡುವರೆಂದೂ ಕೆಲವರು ಆಕ್ಷೇಪಿಸುವುದುಂಟು. ಆಕ್ಷೇಪದ ಪೂರ್ವಾರ್ಧವನ್ನು ನಾವು ಅಲ್ಲಗಳೆಯೆವು, ಉತ್ತರಾರ್ಧವನ್ನು ಒಪ್ಪಲಾರೆವು.

ಆ ದೇಶದ ಮಹಾಕಾದಂಬರಿಯನ್ನೇ ನೋಡಿರಿ. ಹನ್ನೊಂದನೆಯ ಶತಮಾನದ ಆದಿಯಲ್ಲಿ, ರಾಣಿವಾಸದ ಸೇವೆಯಲ್ಲಿದ್ದ ಮುರಸಾಕಿ ಶಿಕಿಬು ಎಂಬ ಮಹಿಳೆಯು ರಚಿಸಿದ 'ಗೆಂಜಿಯ ಕಥೆ'ಯಲ್ಲಿ, ನಾಯಕನು ತನ್ನ ತಂದೆಯಾದ ಚಕ್ರವರ್ತಿಯ ಪ್ರಿಯಪತ್ನಿ ಫುಜಿತ್ಸುಬೋವನ್ನು ಮೋಹಿಸುವನು. ಅವರಿಗೆ ಹುಟ್ಟಿದ ಶಿಶುವನ್ನು ಚಕ್ರವರ್ತಿಯು ತನ್ನದೆಂದೇ ಮುದ್ದಿಸುವನು. ವರುಷಗಳುರುಳಿದ ಬಳಿಕ ಗೆಂಜಿಯ ಕಿರಿಯ ಪತ್ನಿಯು ಅನ್ಯಪುರುಷನಿಂದ ಗರ್ಭಧರಿಸುವಳು. ಆ ಗುಟ್ಟನ್ನರಿತ ಗೆಂಜಿಗೆ, ತನ್ನ ತಂದೆಗೂ ಅಂದು ಎಲ್ಲವೂ ತಿಳಿದಿದ್ದಿತೋ ಏನೋ ಎಂಬ ಶಂಕೆ ಹುಟ್ಟುವುದು. ಆದರೂ ಆ ಮಗುವನ್ನು ಲೋಕದೆದುರು ತನ್ನದೆಂದೇ ಎತ್ತಿಕೊಳ್ಳಬೇಕು. ಇದಕ್ಕಿಂತ ಕಠಿನವಾದ ದಂಡನೆಯನ್ನು ಯಾವ ಧರ್ಮಾಧಿಕಾರಿಯು ವಿಧಿಸಬಲ್ಲನು?

1939ರಿಂದ 1941ರ ವರೆಗೆ ತನಿಝಾಕಿ ಜುನಿಚಿರೋ ಎಂಬ ಪ್ರಸಿದ್ಧ ಲೇಖಕನು ಈ ಗ್ರಂಥವನ್ನು ಹೊಸ ಜಪಾನೀ ಭಾಷೆಯಲ್ಲಿ ಪ್ರಕಟಿಸಿದನು. ಅದು ಸೇನಾಧಿಪತಿಗಳ ದರ್ಪದ ಕಾಲ. ರಾಜವಂಶಕ್ಕೆ ಕಳಂಕ ತಟ್ಟೀತೆಂಬ ಅಂಜಿಕೆಯಿಂದ ಫುಜಿತ್ಸುಬೋವಿನ ಪ್ರಣಯಪ್ರಸಂಗವನ್ನು ತೆಗೆದುಹಾಕಲಾಯಿತು. ಫಲವೇನು? ಪಾಪವು ಮರೆಯಾಯಿತು, ಪಶ್ಚಾತ್ತಾಪಕ್ಕೂ ಕಾರಣವಿಲ್ಲದಂತಾಯಿತು. ಬಿತ್ತಿದುದನ್ನು ಮುಚ್ಚಿಟ್ಟು ಬೆಳೆಯನ್ನು ಮಾತ್ರ ತೋರಿದಂತಾಯಿತು.

ಅದೇ ಪ್ರಭುತ್ವವು 1938ರಲ್ಲಿ, ಚೀನದಲ್ಲಿ ತನ್ನ ಸೈನಿಕರು ನಿರಪರಾಧಿಗಳನ್ನು ಕೊಂದ ಬಗೆಯನ್ನು ಚಿತ್ರಿಸಿದ ಇಶಿಕಾವಾ ತತ್ಸುಝೋವಿನ ಕಾದಂಬರಿಯನ್ನು ನಿಷೇಧಿಸಿ, ಲೇಖಕನನ್ನು ಶಿಕ್ಷೆಗೆ ಗುರಿಮಾಡಿತು. ಕಥೆಯೊಳಗಣ ಪಾಪಕ್ಕೆ ಬೆದರಿದವರು ರಣರಂಗದ ಪಾಪಕ್ಕೆ ನಾಚಲಿಲ್ಲ.

ಕಟ್ಟಳೆಯು ಬಲವಾಗಿರುವಲ್ಲಿಯೇ ಅದನ್ನು ಮೀರಿದವನ ಕಥೆಗೆ ತೂಕವುಂಟು. ಓದುಗನನ್ನು ಸೆಳೆಯುವುದು ಕೇವಲ ಪಾಪದ ರುಚಿಯಲ್ಲ. ತನ್ನೆದೆಯಲ್ಲಿಯೂ ಅದರ ಬೀಜವಿರುವುದೆಂಬ ಅಳುಕು. ಜನ್ನನ 'ಯಶೋಧರ ಚರಿತೆ'ಯ ಅಮೃತಮತಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಪಲವನ್ನು ಕೆರಳಿಸಿ ಕಾಸು ಗಳಿಸುವ ಬರಹಗಳು ಜಪಾನಿನಲ್ಲಿಯೂ ಉಂಟು, ಇಲ್ಲಿಯೂ ಉಂಟು. ಅವುಗಳ ಪರವಾಗಿ ನಾವು ವಾದಿಸುತ್ತಿಲ್ಲ. ಅತಿಕ್ರಮಕ್ಕೆ ತೆರಬೇಕಾದ ಬೆಲೆಯನ್ನು ಕಥೆಯು ತೋರುವುದೋ, ಮರೆಸುವುದೋ ಎಂಬುದೇ ಒರೆಗಲ್ಲು.

ಯುದ್ಧಾನಂತರ, 1951ರಲ್ಲಿ ಮೊದಲಾದ ಹೊಸ ಆವೃತ್ತಿಯಲ್ಲಿ ತನಿಝಾಕಿಯು ಕತ್ತರಿಸಿದ ಭಾಗಗಳನ್ನು ಮರಳಿ ಸೇರಿಸಿದನು. ಅದರಿಂದ ಜಪಾನು ಕೆಡಲಿಲ್ಲ. ಅದು ಕೆಟ್ಟುದು ಕತ್ತರಿಯನ್ನು ನಂಬಿದ್ದಾಗ. ತರುಣರ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳುವ ಮೊದಲು, ಅದನ್ನು ಕೊನೆಯವರೆಗೂ ಓದುವುದನ್ನು ಅವರಿಗೆ ಕಲಿಸೋಣ.