ಹನ್ನೆರಡು ವರ್ಷ ಇಂಗ್ಲಿಷ್ ಕಲಿತರೂ ಬರೆಯುವ ಪಾಠ ಬಾಕಿ

ದೊಡ್ಡಬಳ್ಳಾಪುರ: ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬೋಧನೆ ಆರಂಭವಾದದ್ದು 2007-08ರಲ್ಲಿ. ಆ ಮೊದಲ ತಂಡ ಪದವಿ ಕಾಲೇಜಿನ ಮೆಟ್ಟಿಲೇರಿದ್ದು 2019ರಲ್ಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಇಂದಿನ ಪದವಿ ವಿದ್ಯಾರ್ಥಿಗಳು ಕನಿಷ್ಠ ಹನ್ನೆರಡು ವರ್ಷ ಇಂಗ್ಲಿಷ್ ಓದಿ ಬಂದವರು. ಆದರೂ ಅರ್ಧ ಪುಟದ ಅರ್ಜಿಯನ್ನು ಸ್ವಂತ ವಾಕ್ಯಗಳಲ್ಲಿ ಬರೆಯಲು ಅವರಲ್ಲಿ ಅನೇಕರು ತಡವರಿಸುತ್ತಾರೆ ಎಂಬುದು ವಿಪರ್ಯಾಸ.

ಇದು ಕೇವಲ ಅಂಕದ ಪ್ರಶ್ನೆಯಲ್ಲ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಈ ಭಾಗದ ಉದ್ಯೋಗದ ಚಿತ್ರವೇ ಬದಲಾಗಿದೆ. ದಾಬಸ್‌ಪೇಟೆ, ಹೊಸಕೋಟೆಗಳಲ್ಲೂ ಕೈಗಾರಿಕೆಗಳಿವೆ. ಆದರೆ ಊರಿನ ಪದವೀಧರ ಗೋದಾಮಿನಲ್ಲಿ ಸರಕು ಎಣಿಸುವನೋ, ಅದರ ವರದಿ ಬರೆಯುವ ಮೇಜಿಗೆ ಏರುವನೋ ಎಂಬುದು ಅನೇಕ ವೇಳೆ ಬರವಣಿಗೆಯ ಮೇಲೆಯೇ ನಿಂತಿರುತ್ತದೆ.

ದೋಷವಿರುವುದು ಬೋಧನೆಯ ಕ್ರಮದಲ್ಲಿ. ಸೆಮಿಸ್ಟರ್ ಪರೀಕ್ಷೆ ಅಳೆಯುವುದು ಸಿದ್ಧ ಉತ್ತರವನ್ನು. ಹೀಗಾಗಿ ಪ್ರಬಂಧವನ್ನೂ ಗೈಡ್ ನೋಡಿ ಬಾಯಿಪಾಠ ಮಾಡುವುದು ವಿದ್ಯಾರ್ಥಿಗೆ ಸುಲಭದ ದಾರಿ. ಬರವಣಿಗೆಯೆಂದರೆ ಯೋಜಿಸುವುದು, ವಾಕ್ಯಕ್ಕಿಳಿಸುವುದು, ಮರಳಿ ಓದಿ ತಿದ್ದುವುದು, ಹೀಗೆ ಹಿಂದೆಮುಂದೆ ಸಾಗುವ ಕೆಲಸ ಎಂದು ಅಮೆರಿಕದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ 1981ರಲ್ಲೇ ವಿವರಿಸಿದ್ದರು. ನಮ್ಮ ತರಗತಿಗಳಲ್ಲಿ ಇವುಗಳ ಪೈಕಿ ಮೊದಲ ಮತ್ತು ಕೊನೆಯ ಹಂತಗಳಿಗೆ ಸಮಯವೇ ಸಿಗುವುದಿಲ್ಲ.

ಪರಿಹಾರ ದುಬಾರಿಯೇನಲ್ಲ. ಬಸ್ ತಡವಾಗುತ್ತಿರುವ ಬಗ್ಗೆ ದೂರು ಬರೆಯಬೇಕೆನ್ನೋಣ. ವಿದ್ಯಾರ್ಥಿ ಮೊದಲು ಐದು ಅಂಶಗಳನ್ನು ಕನ್ನಡದಲ್ಲೇ ಗುರುತು ಹಾಕಿಕೊಳ್ಳಲಿ. ಅವನ್ನು ಕ್ರಮವಾಗಿ ಜೋಡಿಸಲಿ. ಕಾಗುಣಿತಕ್ಕೆ ಅಂಜದೆ ಸರಳ ಇಂಗ್ಲಿಷಿನಲ್ಲಿ ಮೊದಲ ಕರಡು ಬರೆಯಲಿ. ಸಹಪಾಠಿ ಓದಿ, ಎಲ್ಲಿ ಅರ್ಥವಾಗಲಿಲ್ಲ ಎಂದು ಹೇಳಲಿ. ಆ ಬಳಿಕ ಎರಡನೇ ಕರಡು. ಯೋಚನೆಗೆ ಮಾತೃಭಾಷೆಯನ್ನು ಬಳಸುವುದು ಇಲ್ಲಿ ಅಡ್ಡಿಯಲ್ಲ, ಊರುಗೋಲು.

ಅಡಚಣೆಯಿರುವುದು ವ್ಯವಸ್ಥೆಯಲ್ಲಿ. 60 ವಿದ್ಯಾರ್ಥಿಗಳ ಎರಡೆರಡು ಕರಡುಗಳನ್ನು ತಲಾ ಐದು ನಿಮಿಷದಂತೆ ನೋಡಿದರೂ ಅಧ್ಯಾಪಕರಿಗೆ 10 ಗಂಟೆ ಬೇಕು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿವೆ. ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ಎಂಬ ಆತಂಕದಲ್ಲಿರುವವರಿಂದ ಇಷ್ಟು ತಾಳ್ಮೆಯ ದುಡಿಮೆಯನ್ನು ನಿರೀಕ್ಷಿಸುವುದು ಎಷ್ಟು ಸರಿ? ಪದವಿ ಶಿಕ್ಷಣದ ಚೌಕಟ್ಟು 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಎರಡು ಬಾರಿ ಬದಲಾದರೂ ಬರವಣಿಗೆಯನ್ನು ಅಳೆಯುವ ಬಗೆ ಮಾತ್ರ ಬದಲಾಗಲಿಲ್ಲ.

ವಿಶ್ವವಿದ್ಯಾಲಯಗಳು ಮೊದಲ ಹೆಜ್ಜೆಯಾಗಿ ಆಂತರಿಕ ಮೌಲ್ಯಮಾಪನದ ಕೆಲವು ಅಂಕಗಳನ್ನು ತರಗತಿಯಲ್ಲೇ ಬರೆದ ಕರಡಿಗೂ ಅದರ ತಿದ್ದುಪಡಿಗೂ ಮೀಸಲಿಡಬಹುದು. ಮೊಬೈಲ್ ಕ್ಷಣಾರ್ಧದಲ್ಲಿ ಪತ್ರ ಬರೆದುಕೊಡುವ ಈ ದಿನಗಳಲ್ಲಿ ವಿದ್ಯಾರ್ಥಿಯ ಸ್ವಂತ ಶ್ರಮಕ್ಕೆ ಸಾಕ್ಷಿಯಾಗಿ ಉಳಿಯುವುದು ಆ ಗೀಚಿದ ಹಾಳೆಯೇ. ಅದಕ್ಕೆ ಅಂಕ ಸಿಗುವವರೆಗೆ ಗೈಡ್‌ಗಳ ವ್ಯಾಪಾರಕ್ಕೆ ಕುತ್ತು ಬರಲಾರದು.