ಸೇತುವೆ ಯಾರದು, ಲೆಕ್ಕ ಯಾರದು?

ಬಜೆಟ್ ಅಂದ್ರೆ ದೊಡ್ಡವರ ಲೆಕ್ಕ, ನಮಗ್ಯಾಕೆ ಅಂತ ಹಾಸ್ಟೆಲ್ ಗೆಳೆಯರು ಪೇಪರಿನ ಆ ಪುಟವನ್ನು ಮಗುಚಿಬಿಡ್ತಾರೆ. ಮಗುಚಬೇಡಿ. ಬಾಬಾಸಾಹೇಬರು ವಕೀಲರಷ್ಟೇ ಅಲ್ಲ, ಅರ್ಥಶಾಸ್ತ್ರಜ್ಞರು. ರೂಪಾಯಿಯ ಸಮಸ್ಯೆ ಕುರಿತ ಅವರ ಪುಸ್ತಕ 1923ರಲ್ಲೇ ಬಂದಿತ್ತು.

ಜನಸಂಖ್ಯೆಯಲ್ಲಿ ನಾವೆಷ್ಟೋ ಯೋಜನೆಯ ಹಣದಲ್ಲೂ ಅಷ್ಟು ಪಾಲು ಎಂಬ ಮಾತಿಗೆ ಕರ್ನಾಟಕದಲ್ಲಿ ಕಾನೂನಿನ ಬಲ ಬಂದದ್ದು 2013ರಲ್ಲಿ. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿ ಶೇ. 17.15, ಪಂಗಡ ಶೇ. 6.95. ಕೂಡಿದರೆ 24.1. ಇದು ಯಾರ ದಯೆಯೂ ಅಲ್ಲ, ಹಳೇ ಬಾಕಿ.

ಆದ್ರೆ ಅದೇ ಕಾನೂನಿನಲ್ಲಿ 7(ಡಿ) ಅನ್ನೋ ಒಂದು ಕಿಂಡಿ ಇತ್ತು. ರಸ್ತೆ, ಸೇತುವೆಯಂಥ ಪಾಲು ಮಾಡಲಾಗದ ಕಾಮಗಾರಿಗೆ ಸುರಿದ ಹಣದಲ್ಲಿ ಒಂದು ಭಾಗವನ್ನು ದಲಿತರಿಗೇ ಖರ್ಚಾಯ್ತು ಎಂದು 'ಭಾವಿಸಿ' ಬರೆದುಕೊಳ್ಳಬಹುದಿತ್ತು. ಜಾಣತನ ನೋಡಿ! ಮೇಲ್ಸೇತುವೆ ಮೇಲೆ ಕಾರು ಓಡುತ್ತೆ, ಕೆಳಗೆ ನಮ್ಮವ್ವ ಕಸ ಗುಡಿಸ್ತಾಳೆ, ಲೆಕ್ಕದ ಪುಸ್ತಕದಲ್ಲಿ ಸೇತುವೆ ನಮ್ಮವ್ವನದು. ಬಾವಿಗೆ ಬಿಡದ ಊರು ರಸ್ತೆಯ ಖರ್ಚು ಬರೆಯುವಾಗ ಮಾತ್ರ ನಮ್ಮನ್ನು ಊರಿನವರೆಂದು ಎಣಿಸಿತು.

2023ರಲ್ಲಿ ಆ ಕಲಂ ತೆಗೆದರು. ಸಂತೋಷ. ಅದೇ ವರ್ಷ ಸುಮಾರು 34 ಸಾವಿರ ಕೋಟಿಯ ಉಪಯೋಜನೆಯಿಂದ 11 ಸಾವಿರ ಕೋಟಿಯಷ್ಟನ್ನು ಗ್ಯಾರಂಟಿಗಳಿಗೆ ತೆಗೆದಿಟ್ಟರು. ಗ್ಯಾರಂಟಿ ಪಡೆಯೋ ದಲಿತರ ಪಾಲಿನಷ್ಟೇ ತಗೊಂಡಿದ್ದೀವಿ, ಬೇರೆಯವರಿಗೆ ಕೊಟ್ಟಿಲ್ಲ ಅನ್ನೋದು ಸರ್ಕಾರದ ಮಾತು. ಸುಲಭಕ್ಕೆ ತಳ್ಳಿಹಾಕುವ ವಾದವಲ್ಲ ಇದು. ಗೃಹಲಕ್ಷ್ಮಿಯ 2,000 ರೂಪಾಯಿಂದ ನಮ್ಮ ಕೇರಿಯಲ್ಲಿ ಒಲೆ ಉರಿದಿದೆ, ಅದನ್ನು ಹಳಿಯುವವನು ನಾನಲ್ಲ. ಆದರೆ ಮೇಲಿನ ಬೀದಿಯ ಗೌಡರ ಮನೆಗೂ ಅದೇ 2,000 ಬರುತ್ತೆ. ಅವರಿಗೆ ಸಾಮಾನ್ಯ ಬೊಕ್ಕಸದಿಂದ, ನಮಗೆ ನಮ್ಮ ಪಾಲಿನ ಗಂಟಿನಿಂದ. ನಾಗರಿಕರೆಂದು ಎಲ್ಲರಿಗೂ ಸಿಗೋದು ನಮಗೂ ಸಿಗಬೇಕಾದ್ರೆ ನಮ್ಮ ಗಂಟೇ ಬಿಚ್ಚಬೇಕಾ? ಹಾಗಾದ್ರೆ ಭೂಮಿ ಕೊಡಿಸೋಕೆ, ಕೊಳವೆಬಾವಿ ಕೊರೆಸೋಕೆ, ಸೋರುವ ಹಾಸ್ಟೆಲ್ ಕಟ್ಟೋಕೆ ಯಾವ ಗಂಟು ಉಳೀತು? ಕೂಡಿಸಿ ಕಳೆದರೆ ಅವರ ಲೆಕ್ಕ ಸರಿಯಿರಬಹುದು. ನ್ಯಾಯದ ಪ್ರಶ್ನೆ ಇರೋದು ಯಾವ ಖಾತೆಯಿಂದ ಕಳೆದರು ಅನ್ನೋದರಲ್ಲಿ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಉಪಯೋಜನೆಯ ಹಣದಲ್ಲಿ ನಿಮ್ಮ ಜಿಲ್ಲೆಯ ಹಾಸ್ಟೆಲ್‌ಗಳಿಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಬೇರೆ ಕಡೆ ತಿರುಗಿದ್ದೆಷ್ಟು ಅಂತ ಬರೆದು ಕೇಳಿ. ಉತ್ತರ ಬಂದ ಕಾಗದವನ್ನು ಮುಂದಿನ ಸಭೆಗೆ ತನ್ನಿ, ಕೂತು ಓದೋಣ.